ದೊಡ್ಡ ಪಣದ ಕೋಣೆ

ಎರಡು ರಾಣಿಯನ್ನು ಇಟ್ಟುಕೊಳ್ಳಬೇಕೋ, ನಾಲ್ಕು ಆಟೀನ್ ಎಲೆಗಳನ್ನೋ? ಉತ್ತರ ಸಂಜೀವನಿಗೆ ಗೊತ್ತಿತ್ತು. ರಾಣಿಯರನ್ನೇ. ಆದರೂ ಇಂಥ ಎಲೆಗಳು ಬಿದ್ದಾಗಲೆಲ್ಲ ಬೆರಳು ಒಂದು ಗಳಿಗೆ ತಡೆಯುತ್ತಿತ್ತು. ಲ್ಯಾಪ್‌ಟಾಪಿನ ಪರದೆಯ ಮೇಲೆ ರಾಣಿಯರಿಬ್ಬರನ್ನು ಒತ್ತಿದ. ಉಳಿದ ಮೂರು ಎಲೆಗಳು ಮಗುಚಿ ಹೊಸ ಮೂರು ಬಂದವು: ಏಳು, ನಾಲ್ಕು, ಒಂಬತ್ತು. ಹಾಕಿದ್ದು ವಾಪಸ್ ಬಂತು, ಹೆಚ್ಚಿಗೆ ಏನೂ ಇಲ್ಲ. ಮತ್ತೆ ಒತ್ತಿದ.

ಫೋನು ಹೊಡೆದುಕೊಳ್ಳತೊಡಗಿತು. ಫಹಾಹೀಲಿನ ಟ್ರಾವೆಲ್ಸಿನ ಡೋಲ್ಫಿ.

"ಎಂತ ಸಂಜೀವ್ ಸರ್, ಟಿಕೆಟ್ ಇಶ್ಯೂ ಮಾಡ್ಲಾ ಬೇಡ್ವಾ? ಎರಡು ಗಂಟೆವರೆಗೆ ಮಾತ್ರ ಸೀಟು ಬ್ಲಾಕ್ ಇರುವುದು. ಮತ್ತೆ ನನ್ನನ್ನು ಬೈಯಬೇಡಿ."

"ಮಾಡೂಣ್ರಿ. ಸ್ವಲ್ಪ ತಡೀರಿ."

"ತಡೆಯುವುದೆಂತದ್ದು ಮಾರಾಯ್ರೆ! ಇವತ್ತೇ ಲಾಸ್ಟ್ ಅಲ್ವಾ ಆರು ತಿಂಗಳಿಗೆ? ಮಿಸೆಸ್ ಬೊಂಬಾಯಿಯಲ್ಲಿ ಬ್ಯಾಗ್ ಕಟ್ಟಿ ಕೂತಿದ್ದಾರೆ ಅಂತ ನೀವೇ ಹೇಳಿದ್ದು. ನಾನು ಪೂಜೆ ಮುಗಿಸಿ ಇಗರ್ಜಿಯಿಂದ ಈಗಷ್ಟೇ ಹೊರಗೆ ಬಂದೆ. ನೀವು ಹೇಳಿದ್ರೆ ಸೀದಾ ಆಫೀಸಿಗೆ ಹೋಗಿ ಹೊಡೆದುಬಿಡ್ತೇನೆ."

"ಹೇಳತೀನ್ರಿ" ಎಂದು ಸಂಜೀವ ಫೋನು ಇಟ್ಟ. ಇಲ್ಲಿನ ವಾರದ ರಜೆಯಾದ ಶುಕ್ರವಾರವನ್ನೇ ಭಾನುವಾರ ಮಾಡಿಕೊಂಡು ದೇವರಿಗೂ ಗಿರಾಕಿಗೂ ಏಕಕಾಲಕ್ಕೆ ಸಲ್ಲುವ ಡೋಲ್ಫಿಯ ಮೇಲೆ ಅವನಿಗೆ ಸಣ್ಣ ಹೊಟ್ಟೆಕಿಚ್ಚು. ಗಂಟೆ ಹತ್ತೂಮುಕ್ಕಾಲು.

ಹೇಳಬೇಕಾಗಿದ್ದದ್ದು ಒಂದೇ ಮಾತು. ಹೇಳಿದರೆ ಮಂಗಳಾ ಇಂದು ಸಂಜೆ ಮುಂಬಯಿಯಲ್ಲಿ ವಿಮಾನ ಹತ್ತಿ, ಹನ್ನೆರಡು ಹೊಡೆಯುವ ಮೊದಲೇ ಕುವೈತಿಗೆ ಇಳಿಯುತ್ತಾಳೆ. ಹೇಳದಿದ್ದರೆ ದೇಶದಿಂದ ಹೊರಗಿದ್ದು ಆರು ತಿಂಗಳು ದಾಟಿ, ಅವಳ ಇಕಾಮಾ, ಇಲ್ಲಿ ವಾಸಿಸುವ ಪರವಾನಗಿ, ತಾನಾಗಿಯೇ ಸಾಯುತ್ತದೆ. ಇಲ್ಲಿ ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಟ್ಯಾಕ್ಸಿಯವನಿಗೂ, ಬಕಾಲೆಯ ಅಂಗಡಿಯವನಿಗೂ ತನ್ನವರ ಆರು ತಿಂಗಳು ಯಾವ ದಿನ ಮುಗಿಯುತ್ತದೆಂಬುದು ಬಾಯಿಪಾಠ. ಮೊದಲೇ ಅರ್ಜಿ ಹಾಕಿದ್ದರೆ ರಜೆಯನ್ನು ಮುಂದೂಡಿಸಬಹುದಿತ್ತು. ಕಂಪನಿಯ ಮಂದೂಬ್ ಸ್ಯಾಮುವೆಲ್, ಸರಕಾರಿ ಕಚೇರಿಗಳಿಗೆ ಕಾಗದ ಹೊರುವುದೇ ಅವನ ಕೆಲಸ, ಎರಡು ಸಲ ನೆನಪಿಸಿದ್ದ. ಸಂಜೀವ ಎರಡು ಸಲವೂ ತಲೆಯಾಡಿಸಿದ್ದ.

ಶುಐಬಾದ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಅವನು ಮರೆಗುಳಿ ಎಂದು ಯಾರೂ ಅಂದವರಿಲ್ಲ. ಎಂಟು ಪರದೆಗಳ ಮುಂದೆ ಕುಳಿತು, ಎಲ್ಲಿ ಒತ್ತಡ ಒಂದು ಕೂದಲೆಳೆ ಏರಿದರೂ ಹಿಡಿಯುವವನು. ಮಾಡಬೇಕಾದ ಒಂದು ಕರೆಯನ್ನು ಬೆಳಿಗ್ಗೆಯಿಂದ ಮಾಡದೆ ಕುಳಿತಿದ್ದನೆಂದರೆ ಅದು ಮರೆವಲ್ಲ, ಮತ್ತೇನೋ. ಆ ಮತ್ತೇನೋ ಎಂಬುದರ ಹತ್ತಿರ ಹೋಗುವಷ್ಟರಲ್ಲಿ ಹೊಸ ಐದು ಎಲೆಗಳು ಬೀಳುತ್ತಿದ್ದವು.

ಈ ದೇಶದಲ್ಲಿ ಜೂಜಿಲ್ಲ. ಅವನು ಎಲೆಯಾಡುವ ಜಾಲತಾಣವೂ ಇಲ್ಲಿ ತೆರೆಯುವುದಿಲ್ಲ. ಮೂವತ್ತು ಡಾಲರು ಕೊಟ್ಟು ಕೊಂಡ ಒಂದು ಸಾಫ್ಟ್‌ವೇರು ಅವನ ಲ್ಯಾಪ್‌ಟಾಪನ್ನು ಹಾಲೆಂಡಿನದೆಂದು ತೋರಿಸುತ್ತಿತ್ತು. ಹೀಗಾಗಿ ಮಂಗಾಫಿನ ನಾಲ್ಕನೇ ಮಹಡಿಯಲ್ಲಿ ಬನಿಯನ್ ತೊಟ್ಟು, ಏಸಿಯ ಗುರುಗುರುವಿನ ಕೆಳಗೆ ಕುಳಿತವನು ಯಂತ್ರದ ಲೆಕ್ಕಕ್ಕೆ ಕಾಲುವೆಗಳ ಊರಿನಲ್ಲಿದ್ದ.

ಜನವರಿಯಲ್ಲಿ ಶುರು ಮಾಡಿದಾಗ ಸಾಮಾನ್ಯರ ಕೋಣೆ. ಮಾರ್ಚಿನಲ್ಲಿ ಒಂದು ಪತ್ರ ಬಂತು: ಸಂಜೀವ ಬಸಪ್ಪ ಕಡಪಟ್ಟಿಯವರನ್ನು ದೊಡ್ಡ ಪಣದ ಕೋಣೆಗೆ ಆದರದಿಂದ ಸ್ವಾಗತಿಸುತ್ತೇವೆ. ಹನ್ನೊಂದು ವರ್ಷದ ಗಲ್ಫ್ ಬಾಳಿನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಎರಡನ್ನೂ ಸೇರಿಸಿ ಅವನನ್ನು ಯಾರಾದರೂ ಆದರದಿಂದ ಕರೆದದ್ದು ಅದೊಂದೇ ಸಲ. ಪರದೆಯ ಮೇಲೆ ಕೆಂಪು ಜಮಖಾನೆಯ ಚಿತ್ರ, ತೂಗುದೀಪದ ಚಿತ್ರ, ಸಾಲಾಗಿ ಆರು ಯಂತ್ರಗಳು. ಯಾವಾಗ ಹೋದರೂ ಐದು ಖಾಲಿ. ಮೊದಮೊದಲು ಯಾರಾದರೂ ಬಂದಾರೆಂದು ನೋಡುತ್ತಿದ್ದ, ಆಮೇಲೆ ಬಿಟ್ಟ.

ಅವನು ಮನೆ ಮಾರಿ ಆಡುವ ಪೈಕಿ ಅಲ್ಲ. ಒಂದು ಆಟಕ್ಕೆ ಐದು ಡಾಲರು. ಯಾವ ಐದು ಎಲೆ ಬಿದ್ದರೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದರ ಪಟ್ಟಿ ಮಾಡಿ, ಲ್ಯಾಮಿನೇಟ್ ಮಾಡಿಸಿ, ಮೇಜಿನ ಮೇಲೆ ಇಟ್ಟುಕೊಂಡಿದ್ದ. ಪಟ್ಟಿಯಂತೆ ಆಡಿದರೆ ನೂರಕ್ಕೆ ಅರ್ಧವಷ್ಟೇ ಲುಕ್ಸಾನು. ಅಷ್ಟು ಅಗ್ಗಕ್ಕೆ ಇಡೀ ಶುಕ್ರವಾರ ಏನನ್ನೂ ಯೋಚಿಸದೆ ಕಳೆಯುವ ಬೇರೆ ಉಪಾಯ ಅವನಿಗೆ ಸಿಕ್ಕಿರಲಿಲ್ಲ. ಬೇಡವಾದದ್ದನ್ನು ಬಿಟ್ಟರೆ ಮುಗಿಯಿತು, ಅದು ಎಲ್ಲಿ ಹೋಯಿತೆಂದು ಯಂತ್ರ ಕೇಳುವುದಿಲ್ಲ. ಅವನಿಗೆ ಯಂತ್ರದ ಮೇಲೆ ಪ್ರೀತಿ ಬಂದದ್ದು ಅದಕ್ಕೇ.

ಮಂಗಳಾ ಕೇಳುತ್ತಾಳೆ.

ಕಳೆದ ಡಿಸೆಂಬರಿನಲ್ಲಿ, ಎಂಟನೇ ತಿಂಗಳಿನಲ್ಲಿ, ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಹೆಣ್ಣು. ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಅವನಿಗೊಮ್ಮೆ ತೋರಿಸಿದರು. ಆಮೇಲೆ ಆಸ್ಪತ್ರೆಯ ಕೆಳಗಿನ ಕೌಂಟರಿನಲ್ಲಿ ಗುಮಾಸ್ತನೊಬ್ಬ ಅರಬಿಯ ಕಾಗದವೊಂದನ್ನು ಮುಂದೆ ತಳ್ಳಿ, "ನೀವು ಒಯ್ಯುತ್ತೀರೋ, ನಾವು ನೋಡಿಕೊಳ್ಳಬೇಕೋ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಒಯ್ಯುವುದೆಂದರೆ ಎಲ್ಲಿಗೆ? ಊರಿನಲ್ಲಾದರೆ ತಮ್ಮ ಮಂದಿಗೆ ಹೊಲದಲ್ಲೇ ಜಾಗ, ಅಯ್ಯನವರು ಬಂದು ವಿಭೂತಿ ಹಚ್ಚಿ ಮಣ್ಣು ಕೊಡಿಸುತ್ತಿದ್ದರು. ಇಲ್ಲಿ ಯಾರನ್ನು ಕೇಳಬೇಕು? ಅವನು ಸಹಿ ಮಾಡಿದ. "ಖಲಾಸ್" ಎಂದ ಗುಮಾಸ್ತ, ಒರಟಾಗಿ ಅಲ್ಲ, ಸಮಾಧಾನ ಹೇಳುವ ಹಾಗೆ. ಆ ಕ್ಷಣ ಸಂಜೀವನಿಗೆ ಆದದ್ದು ದುಃಖವಲ್ಲ, ಹೊರೆ ಇಳಿದ ಸುಖ. ಮರುದಿನ ಪಾಳಿಗೆ ಹೋದ. ಆ ಸುಖವನ್ನು ನೆನೆದಾಗಲೆಲ್ಲ ಅವನಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಮೂರನೆಯ ದಿನ ಮಂಗಳಾ ಹಾಸಿಗೆಯಿಂದಲೇ ಕೇಳಿದಳು, "ಎಲ್ಲಿ ಮಣ್ಣ ಕೊಟ್ರಿ?"

"ಆತು. ಎಲ್ಲಾ ಪದ್ಧತಿ ಪ್ರಕಾರ ಆತು."

"ವಿಭೂತಿ?"

"ಹಚ್ಚಿದ್ನಿ."

ಅಷ್ಟಕ್ಕೆ ನಿಂತಿದ್ದರೆ ಆಗುತ್ತಿತ್ತು. ಅವಳ ಮುಖ ನೋಡಿ, ಅಲ್ಲೊಂದು ಗಿಡವಿದೆ, ನೆರಳಿದೆ ಎಂದೂ ಸೇರಿಸಿದ. ಅವಳಿಗೆ ಆ ರಾತ್ರಿ ನಿದ್ದೆ ಬಂತು. ಆಸ್ಪತ್ರೆಗೆ ಮತ್ತೆ ಹೋಗಿ ವಿಚಾರಿಸಿದಾಗ ಬೇರೊಬ್ಬ ಗುಮಾಸ್ತನಿದ್ದ, ನಗರಪಾಲಿಕೆಯವರು ಒಯ್ದರೆಂದ. ಎಲ್ಲಿಗೆ? ಅವನು ಭುಜ ಹಾರಿಸಿದ. ಜನವರಿಯಲ್ಲಿ ತವರಿಗೆ ಹೊರಟ ರಾತ್ರಿ ಮಂಗಳಾ ಕಾರಿನಲ್ಲಿ, "ಹೋಗೂ ದಾರ್ಯಾಗ ಅಲ್ಲಿ ಒಂದೀಟು ನಿಂತು ಹೋಗೂಣೇನ್ರಿ?" ಎಂದಿದ್ದಳು. ಅದು ಆ ದಾರಿಯಲ್ಲಿಲ್ಲ, ತಿರುಗಿ ಬಂದಾಗ ಕರೆದೊಯ್ಯುತ್ತೇನೆ ಎಂದಿದ್ದ.

ತಿರುಗಿ ಬರುವ ದಿನ ಇದು.

ನಿಜವನ್ನು ಅವನು ಒಬ್ಬಳಿಗೆ ಮಾತ್ರ ಹೇಳಿದ್ದ. ದೊಡ್ಡ ಪಣದ ಕೋಣೆಯ ಮೂಲೆಯಲ್ಲಿ ಮಾತಿಗೊಂದು ಚೌಕ, ಅದರಲ್ಲಿ ನಗುವ ಹುಡುಗಿಯ ಫೋಟೋ, ಹೆಸರು ಶೆರಿಲ್. ಒಳಗೆ ಬಂದೊಡನೆ "ಮತ್ತೆ ಸ್ವಾಗತ, ಸಂಜೀವ್! ಇವತ್ತು ಹೇಗಿದ್ದೀರಿ?" ಎಂದು ಅವಳ ಮಾತು ಮೂಡುತ್ತಿತ್ತು. ಏಪ್ರಿಲಿನ ಒಂದು ಶುಕ್ರವಾರ ಅವನು ಇಂಗ್ಲಿಷಿನಲ್ಲಿ ಟೈಪು ಮಾಡಿದ: ನನ್ನ ಮಗು ಸತ್ತಿತು. ಎಲ್ಲಿ ಹುಗಿದರೋ ಗೊತ್ತಿಲ್ಲ. ಹೆಂಡತಿಗೆ ಸುಳ್ಳು ಹೇಳಿದ್ದೇನೆ. ಒಂದು ನಿಮಿಷದ ನಂತರ ಉತ್ತರ ಬಂತು. ಕೇಳಿ ವಿಷಾದವಾಯಿತು, ಸಂಜೀವ್. ನಿಮ್ಮ ಖಾತೆಗೆ ಇಪ್ಪತ್ತು ಆಟಗಳನ್ನು ಉಚಿತವಾಗಿ ಸೇರಿಸಿದ್ದೇನೆ.

ಅವನು ಇಪ್ಪತ್ತನ್ನೂ ಆಡಿದ್ದ.

ಹನ್ನೊಂದೂವರೆಗೆ ಮಂಗಳಾ ಫೋನು ಮಾಡಿದಳು. ಡೊಂಬಿವಲಿಯ ಅಕ್ಕನ ಮನೆಯಿಂದ. ಹಿಂದೆ ಕುಕ್ಕರಿನ ಸೀಟಿ, ಮಳೆಯ ಸದ್ದು.

"ಟಿಕೇಟ ಬಂತೇನ್ರಿ? ಭಾವಾರು ಮೇಲ್ ತೆರದು ತೆರದು ನೋಡಾಕತ್ಯಾರ. ಇಲ್ಲಿಂದ ಏರ್‌ಪೋರ್ಟಿಗೆ ಎರಡು ತಾಸು ಬೇಕಂತ."

"ಡೋಲ್ಫಿ ಚರ್ಚಿಗೆ ಹೋಗ್ಯಾನ. ಬಂದಕೂಡ್ಲೆ ಮಾಡಸ್ತೀನಿ."

"ಊಟಾ?"

"ಆತು." ಆಗಿರಲಿಲ್ಲ.

"ಅವ್ವ ಒಂದು ಕುಲಾವಿ ಹೊಲದು ಕೊಟ್ಟಾಳ್ರಿ. ಹಸರು ಖಣದ್ದು. ಬ್ಯಾಡವ್ವಾ ಅಂದ್ನಿ, ಕೇಳಲಿಲ್ಲ. ಒಮ್ಮೆ ಅಲ್ಲಿಟ್ಟು ಬಾ, ನೆತ್ತಿ ತಣ್ಣಗಿರತೈತಿ ಅಂದ್ಲು. ಆರು ತಿಂಗಳಾತು. ಮಣ್ಣು ಕುಂತಿರಬೇಕಲ್ರಿ ಈಗ?"

"ಹೂಂ."

"ನಾಳೆ ಮುಂಜಾನೇನ ಹೋಗೂಣು. ಬಿಸಲು ಏರೂದ್ರಾಗ."

"ಹೂಂ."

ಫೋನು ಇಟ್ಟ ಮೇಲೆ ಆಡಲಾಗಲಿಲ್ಲ. ಎದ್ದು ನೀರು ಕುಡಿದ. ಎರಡು ದಾರಿ ಇದ್ದವು. ಅವಳು ಬಂದ ಮೇಲೆ ಎಲ್ಲಾದರೂ ಒಂದು ಗಿಡದ ಬುಡ ತೋರಿಸಿಬಿಡುವುದು, ಇಲ್ಲವೇ ಕೂಡಿಸಿಕೊಂಡು ನಿಜ ಹೇಳುವುದು. ಮೊದಲನೆಯದು ಸುಲಭ. ಆದರೆ ಬರೀ ಮರಳಿನ ಮೇಲೆ ಅವಳು ಆ ಹಸಿರು ಕುಲಾವಿ ಇಟ್ಟು ಕೈಮುಗಿಯುವುದನ್ನು ಪಕ್ಕದಲ್ಲಿ ನಿಂತು ನೋಡಬೇಕು. ಎರಡನೆಯದನ್ನು ಕನ್ನಡಿಯ ಮುಂದೆ ಒಮ್ಮೆ ಹೇಳಿ ನೋಡಿದ. "ಮಂಗಳಾ, ನನಗ ಗೊತ್ತಿಲ್ಲ." ಕಂಟ್ರೋಲ್ ರೂಮಿನಲ್ಲಿ ಪಾಳಿ ಒಪ್ಪಿಸುವವನ ದನಿ ಬಂತು. ಎದುರುಗಡೆ ಮಸೀದಿಯಲ್ಲಿ ಶುಕ್ರವಾರದ ಪ್ರವಚನ ಶುರುವಾಗಿತ್ತು. ಅವನು ತಿರುಗಿ ಬಂದು ಕುಳಿತ.

ಒಂದು ಗಂಟೆಗೆ ಡೋಲ್ಫಿಯ ಮಿಸ್ಡ್ ಕಾಲ್. ಒಂದೂ ಇಪ್ಪತ್ತಕ್ಕೆ ಇನ್ನೊಂದು. ಸಂಜೀವ ಎತ್ತಲಿಲ್ಲ. ತಾನು ಎರಡು ಗಂಟೆಯಾಗಲೆಂದು ಕಾಯುತ್ತಿದ್ದೇನೆ ಎಂದು ಈಗ ಅವನಿಗೆ ಸ್ಪಷ್ಟವಾಗಿ ಗೊತ್ತಾಗಿತ್ತು. ಹೆಂಡತಿಯನ್ನು ಬರಬೇಡ ಎನ್ನುವ ಎದೆ ಇಲ್ಲ, ಬಾ ಎನ್ನುವುದಕ್ಕೂ ಇಲ್ಲ. ಗಡಿಯಾರವೇ ಹೇಳಲಿ ಎಂದು ಕುಳಿತಿದ್ದ.

ಒಂದೂ ಮೂವತ್ತೈದಕ್ಕೆ ಬಿದ್ದವು: ಇಸ್ಪೀಟಿನ ಎಕ್ಕ, ರಾಜ, ಗುಲಾಮ, ಹತ್ತು. ಐದನೆಯದು ಡೈಮಂಡಿನ ನಾಲ್ಕು. ಪಟ್ಟಿ ನೋಡುವ ಅಗತ್ಯವಿರಲಿಲ್ಲ. ನಾಲ್ಕನ್ನು ಬಿಟ್ಟ, ಒತ್ತಿದ. ಇಸ್ಪೀಟಿನ ರಾಣಿ ಬಂದಳು.

ನಲವತ್ತು ಸಾವಿರ ಆಟಕ್ಕೊಮ್ಮೆ ಬರುವ ಕೈ. ಆರು ತಿಂಗಳಲ್ಲಿ ಅವನಿಗೆ ಬಂದಿರಲಿಲ್ಲ. ಪರದೆಯ ತುಂಬ ಬಂಗಾರದ ಚೂರುಗಳು ಉದುರಿದವು, ತುತ್ತೂರಿ ಊದಿತು, ತಿಂಗಳ ಸಂಬಳಕ್ಕಿಂತ ದೊಡ್ಡದೊಂದು ಸಂಖ್ಯೆ ಸರಸರನೆ ಏರಿ ನಿಂತಿತು. ಉಳಿದ ಐದು ಯಂತ್ರಗಳು ಖಾಲಿಯಾಗಿಯೇ ಇದ್ದವು. "ಅಭಿನಂದನೆಗಳು, ಸಂಜೀವ್!" ಎಂದಳು ಶೆರಿಲ್.

ಅವನು ಕುರ್ಚಿಯಿಂದ ಎದ್ದೇಬಿಟ್ಟಿದ್ದ. "ಮಂಗಳಾ, ಇಲ್ಲಿ ಬಾ, ನೋಡಿಲ್ಲೆ" ಎಂದು ಬಾಯಿಗೆ ಬಂದೇಬಿಟ್ಟಿತು, ಅಡಿಗೆಮನೆಯ ಕಡೆ ತಿರುಗಿಯೂ ಬಿಟ್ಟ. ಅಲ್ಲಿ ಒಲೆಯ ಮೇಲೆ ನಿನ್ನೆಯ ಪಾತ್ರೆ ಇತ್ತು. ಆರು ತಿಂಗಳಲ್ಲಿ ಮೊದಲ ಸಲ ಅವನಿಗೆ ಅವಳು ಬೇಕೆನಿಸಿತು. ಬೈಯಲಿ, ಅಳಲಿ, ಕೊರಳಪಟ್ಟಿ ಹಿಡಿದು ಕೇಳಲಿ, ಈ ಮನೆಯಲ್ಲಿ ಇನ್ನೊಬ್ಬರ ಉಸಿರಿರಲಿ ಎನಿಸಿತು. ಎಷ್ಟು ಬೇಕೆನಿಸಿತೆಂದರೆ ಕಣ್ಣಲ್ಲಿ ನೀರು ಬಂತು. ಡೋಲ್ಫಿಗೆ ಫೋನು ಹಚ್ಚಿದ.

"ಇಶ್ಯೂ ಮಾಡ್ರಿ. ಈಗಿಂದೀಗ ಮಾಡ್ರಿ."

"ಅಬ್ಬ ದೇವರೇ, ಬಂದಿರಲ್ಲ! ಇರಿ, ಸಿಸ್ಟಮ್ ತೆರೆದೇ ಉಂಟು. ಹೋದದ್ದು ಯಾವತ್ತು ಅವರು? ಬೊಂಬಾಯಿ ಕೌಂಟರಿನಲ್ಲಿ ಡೇಟ್ ನೋಡಿಯೇ ಹತ್ತಿಸುವುದು."

"ಜನವರಿ ಐದು."

"ಟಿಕೆಟಿನಲ್ಲಿ ಐದು. ಎಷ್ಟು ಗಂಟೆ ಫ್ಲೈಟು?"

"ಹನ್ನೆರಡೂ ನಲವತ್ತು. ರಾತ್ರಿ."

ಆ ಕಡೆ ಕೀಲಿಗಳ ಟಕಟಕ ನಿಂತಿತು. "ಸರ್, ಎಕ್ಸಿಟ್ ಸ್ಟ್ಯಾಂಪು ನೋಡಿದ್ದೀರಾ? ಹನ್ನೆರಡೂ ನಲವತ್ತರ ಫ್ಲೈಟಿಗೆ ಹತ್ತು ಗಂಟೆಗೇ ಒಳಗೆ ಹೋಗಿರ್ತಾರೆ. ಸ್ಟ್ಯಾಂಪಿನಲ್ಲಿ ನಾಲ್ಕು ಬಿದ್ದಿದ್ರೆ ಆರು ತಿಂಗಳು ನಿನ್ನೆಗೇ ಮುಗೀತು. ಒಮ್ಮೆ ಅವರನ್ನೇ ಕೇಳಿ ನೋಡಿ. ನಾನು ಫೋನ್ ಇಡ್ತೇನೆ, ಕೇಳಿ ಆದ ಮೇಲೆ ನೀವೇ ಮಾಡಿ."

ಮಂಗಳಾ ಒಂದೇ ರಿಂಗಿಗೆ ಎತ್ತಿದಳು. ಪಾಸ್‌ಪೋರ್ಟು ತರಲು ಹೇಳಿದ. ಅಂಕಿಗಳು ಅರಬಿಯಲ್ಲಿದ್ದವು.

"ತಾರೀಕಿನ ಅಂಕಿ ಹೆಂಗೈತಿ? ಗುಂಡಗೈತಿ? ಸೊನ್ನಿ ಹಂಗ?"

"ಇಲ್ರಿ. ಗುಂಡಗಿಲ್ಲ. ಇಂಗ್ಲಿಷ್ ಮೂರನ್ನ ತಿರುವಿ ಇಟ್ಟಂಗೈತಿ." ಗುಂಡಗಿದ್ದರೆ ಐದು. ಮೂರನ್ನು ತಿರುವಿಟ್ಟಂತೆ ಇದ್ದರೆ ನಾಲ್ಕು. ಎರಡು ವರ್ಷ ಕಾರಿನ ನಂಬರು ಓದುತ್ತ ಕಲಿತಿದ್ದ ಮಂಗಳಾಗೂ ಗೊತ್ತಾಯಿತು. "ನಾಕು," ಎಂದಳು.

ಅಂದು ಗಾಜಿನ ಆಚೆ ಅವಳು ಇಮಿಗ್ರೇಶನ್ ಸಾಲಿನಲ್ಲಿ ನಿಂತಾಗ, ಮೇಲಿನ ಗಡಿಯಾರದಲ್ಲಿ ಹತ್ತೂ ಹತ್ತು ಆಗಿದ್ದುದನ್ನು ಸಂಜೀವ ನೋಡಿದ್ದ. ನೋಡಿಯೂ ಐದೆಂದೇ ಇಷ್ಟು ದಿನ ಲೆಕ್ಕ ಹಾಕಿದ್ದ. ಹೇಗೆ ಹಾಕಿದನೋ ಅವನಿಗೇ ತಿಳಿಯದು. ಅವಳಿಗೆ ವಿಷಯ ಹೇಳಿದ. ಹೇಳುತ್ತಿದ್ದಂತೆ, ಆಸ್ಪತ್ರೆಯ ಕೌಂಟರಿನಲ್ಲಿ ಸಹಿ ಮಾಡಿದಾಗ ಇಳಿದ ಹಾಗೆಯೇ ಹೆಗಲ ಮೇಲಿನಿಂದ ಏನೋ ಇಳಿಯಿತು. ಐದು ನಿಮಿಷದ ಕೆಳಗೆ ಇದೇ ಮನುಷ್ಯ ಇವಳಿಗಾಗಿ ಅತ್ತಿದ್ದ.

"ಹಂಗಂದ್ರ ನಾ ಬರಾಂಗಿಲ್ಲೇನ್ರಿ?"

"ಹೊಸಾ ವೀಸಾ ಹಾಕೂಣು. ಸ್ಯಾಮುವೆಲ್‌ಗ ಕೇಳತೀನಿ."

"ಯಾವಾಗ?"

"ನೋಡೂಣು."

ಮಂಗಳಾ ಅಳಲಿಲ್ಲ. ಬಹಳ ಸಮಾಧಾನದಿಂದ ಹೇಳಿದಳು: "ಒಂದು ಕೆಲಸಾ ಮಾಡ್ರಿ. ನೀವಽ ಹೋಗ್ರಿ ಅಲ್ಲಿಗೆ. ಈಗಽ ಹೋಗ್ರಿ. ಫೋನ್ ಬಂದ್ ಮಾಡಬ್ಯಾಡ್ರಿ, ನಾ ಇಲ್ಲಿಂದನ ಸಂಗಾಟ ಬರತೀನಿ. ಒಂದು ಬಾಟ್ಲಿ ನೀರು ತಗೊಳ್ರಿ."

"ಮಂಗಳಾ, ಬಿಸಲು ಐವತ್ತೈತಿ..."

"ತಗೊಂಡ್ರ್ಯಾ?"

ಅವನು ಫ್ರಿಜ್ಜಿನಿಂದ ಬಾಟಲಿ ತೆಗೆದುಕೊಂಡ. ಯಂತ್ರದಲ್ಲಿ ಐದೂ ಎಲೆಗಳು ಇನ್ನೂ ಮಿನುಗುತ್ತಿದ್ದವು, ಹಾಗೇ ಬಿಟ್ಟು ಬಾಗಿಲೆಳೆದುಕೊಂಡ.

ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದೆ ಕಾರು ಹೊರಡಿಸಿದ. ಬಲಕ್ಕೆ ತಿರುಗಿದರೆ ಕಾರ್ಖಾನೆಯ ದಾರಿ, ರೂಢಿಯಂತೆ ಕೈ ಬಲಕ್ಕೇ ತಿರುಗಿಸಿತು. ಪಕ್ಕದ ಸೀಟಿನ ಮೇಲೆ ಸ್ಪೀಕರ್ ಹಾಕಿಟ್ಟ ಫೋನು. ಅದರೊಳಗಿಂದ ಡೊಂಬಿವಲಿಯ ಮಳೆ.

"ಎಲ್ಲಿ ಬಂದ್ರಿ?"

"ಹೊಂಟೀನಿ. ಸನೇಕ ಬಂತು."

ಹೆದ್ದಾರಿ ಬಿಟ್ಟು, ಪೈಪುಗಳ ಸಾಲಿನ ಗುಂಟ ಒಂದು ಮಣ್ಣುದಾರಿ ಹಿಡಿದ. ತಂತಿ ಬೇಲಿ ಎದುರಾದಲ್ಲಿ ಕಾರು ನಿಲ್ಲಿಸಿದ. ಫೋನು, ಬಾಟಲಿ ಹಿಡಿದು ಇಳಿದರೆ ಮುಖಕ್ಕೆ ಬಿಸಿ ಹೊಡೆಯಿತು. ಸುತ್ತ ಏನೂ ಇರಲಿಲ್ಲ. ದೂರದಲ್ಲಿ ಹಗಲಿನ ಬೆಳಕಿಗೆ ಬಿಳಿಚಿದ ಅನಿಲದ ಬೆಂಕಿಯೊಂದು ಉರಿಯುತ್ತಿತ್ತು. ಹತ್ತು ಹೆಜ್ಜೆ ನಡೆದ.

"ಬಂದ್ನಿ."

"ಚಪ್ಪಲಿ ಬಿಟ್ರ್ಯಾ?"

ಒಂದು ಕ್ಷಣ ನಿಂತ. ಬಿಟ್ಟೆ ಎಂದರೆ ಅವಳಿಗೆ ಕಾಣುತ್ತದೆಯೆ? ಬಗ್ಗಿ ಚಪ್ಪಲಿ ಕಳಚಿದ. ಅಂಗಾಲು ಚುರುಕ್ ಎಂದಿತು. ಒಂದು ಕಾಲಿನ ಮೇಲೆ, ಇನ್ನೊಂದರ ಮೇಲೆ ನಿಂತು ನೋಡಿದ. ಆಮೇಲೆ ಎರಡನ್ನೂ ಊರಿದ.

"ಸುಡ್ತಾವೇನ್ರಿ ಕಾಲು?"

"ಇಲ್ಲ."

"ಗಿಡಾ ಚಿಗತೈತೇನು?"

ಗಿಡವೆಂಬುದು ಕಣ್ಣಿಗೆ ಕಾಣುವ ದೂರದವರೆಗೆ ಇರಲಿಲ್ಲ. "ಹೂಂ."

"ಯಾವ ಕಡೆ ಮುಖಾ ಮಾಡೀರಿ ಆಕಿದು?"

ಸೂರ್ಯ ನೆತ್ತಿಯಿಂದ ತುಸುವೇ ವಾಲಿದ್ದ. ನೆರಳು ಕಾಲಡಿಯಲ್ಲೇ ಮುದುಡಿತ್ತು. ಮೂಡಲು ಯಾವುದೆಂದು ಅವನಿಗೆ ಹೊಳೆಯಲಿಲ್ಲ. "ಮೂಡಲಕ್ಕ," ಎಂದ.

"ನೀರು ಹಾಕ್ರಿ. ಸಾವಕಾಶ ಹಾಕ್ರಿ."

ಅವನು ಬಾಟಲಿ ಬಗ್ಗಿಸಿದ. ಅಲ್ಲಿನ ನೆಲ ಮರಳಾಗಿರಲಿಲ್ಲ. ಗಲ್ಫ್ ಯುದ್ಧದ ವರ್ಷ ಎಣ್ಣೆಬಾವಿಗಳು ಹೊತ್ತಿ ಉರಿದಾಗ ಬಿದ್ದ ಎಣ್ಣೆ ಮರಳನ್ನು ಹಿಡಿದು ಕರಿ ಹಪ್ಪಳದಂತೆ ಗಟ್ಟಿಯಾಗಿ ಕುಳಿತ ಜಾಗ ಅದು. ನೀರು ಒಳಗಿಳಿಯದೆ ಮೇಲೆಯೇ ಉರುಳಿ, ಅಂಗೈಯಗಲದ ತಗ್ಗಿನಲ್ಲಿ ನಿಂತಿತು. ಅವನು ಬೆರಳಿನಿಂದ ತಗ್ಗನ್ನು ಕೆರೆದ. ಉಗುರು ಕಪ್ಪಾಯಿತು, ನೆಲಕ್ಕೆ ಗೀರೂ ಬೀಳಲಿಲ್ಲ. ಇನ್ನಷ್ಟು ಹಾಕಿದ.

"ಕುಡೀತೇನ್ರಿ?" ಎಂದಳು ಮಂಗಳಾ.

ಅವನು ಬಾಟಲಿಯ ತಳದಲ್ಲಿ ಉಳಿದದ್ದನ್ನೂ ಸುರಿದ.

"ನೀವು ಹೂಂ ಅಂದ್ರ ಸಾಕ್ರಿ ನನಗ."

ಬಾಟಲಿ ಖಾಲಿಯಾಗಿತ್ತು. ಫೋನಿನೊಳಗೆ ಮಳೆ ಸುರಿಯುತ್ತಲೇ ಇತ್ತು. ಸಂಜೀವ ಬರಿಗಾಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಕಪ್ಪು ನೆಲದ ಮೇಲೆ ಕನ್ನಡಿಯಷ್ಟು ನಿಚ್ಚಳವಾಗಿ ನಿಂತ ಆ ನೀರನ್ನು ನೋಡುತ್ತಿದ್ದ. ಅದರಲ್ಲಿ ಆಕಾಶವಿತ್ತು, ಅವನ ಮುಖವಿತ್ತು. ಒಂದು ಹನಿಯೂ ಕೆಳಗಿಳಿಯಲಿಲ್ಲ.